ಕಾದಂಬರಿಯ ಛತ್ರದಲ್ಲಿ ಯಾರು ಯಾರ ಕಡೆಯವರು?

ಬಸವನಗುಡಿಯ ಯಾವುದಾದರೊಂದು ಮದುವೆ ಛತ್ರಕ್ಕೆ ಧಾರೆ ಮುಗಿದ ಹೊತ್ತಿಗೆ ಹೋಗಿ ನೋಡಿ. ವಾಲಗದವರು ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಮೊದಲ ಪಂಕ್ತಿಗೇ ಕೂತುಬಿಡಬೇಕೆಂದು ಊಟದ ಹಾಲಿನ ಬಾಗಿಲಲ್ಲಿ ಜನ ಕಿಕ್ಕಿರಿದಿರುತ್ತಾರೆ. ಹೇಗೋ ಜಾಗ ಸಿಕ್ಕಿ ಕೂತರೆ, ಎಲೆಗೆ ಉಪ್ಪು, ಕೋಸಂಬರಿ ಬೀಳುವಷ್ಟರಲ್ಲಿ ಪಕ್ಕದವರ ಪ್ರಶ್ನೆ ಬಂದೇ ಬರುತ್ತದೆ: "ತಾವು ಯಾರ ಕಡೆಯವರು?"

ಹೆಣ್ಣಿನ ಕಡೆ ಎಂದರೆ ಅಷ್ಟಕ್ಕೇ ಬಿಡುವವರಲ್ಲ. ಚಾಮರಾಜಪೇಟೆಯ ಮೇಷ್ಟ್ರು ನಿಮಗೇನಾಗಬೇಕು, ಅವರ ಷಡ್ಡಕರು ಮಲ್ಲೇಶ್ವರದಲ್ಲಿದ್ದರಲ್ಲ, ಅವರ ಮಗಳನ್ನು ಎಲ್ಲಿಗೆ ಕೊಟ್ಟರು? ಸಾರು ಬರುವುದರೊಳಗೆ ನಿಮ್ಮನ್ನು ಎಲ್ಲೋ ಒಂದು ಕಡೆ ಗಂಟು ಹಾಕಿಯೇ ತೀರುತ್ತಾರೆ. ಅವರ ಕೈಲಿ ಆಗದಿದ್ದರೆ ಕಂಬದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ ಅಜ್ಜಿ ಇದ್ದಾರೆ. ನೆರೆದ ಮುನ್ನೂರು ಜನರಲ್ಲಿ ಯಾರಿಗೆ ಯಾರು ಏನಾಗಬೇಕು, ಯಾರಿಗೂ ಯಾರಿಗೂ ಮಾತು ಬಿಟ್ಟಿದೆ, ಯಾರು ನಡುವೆ ಓಡಾಡದೇ ಇದ್ದಿದ್ದರೆ ಈ ಮದುವೆ ಕುದುರುತ್ತಲೇ ಇರಲಿಲ್ಲ, ಎಲ್ಲವೂ ಆಕೆಗೆ ಬಾಯಿಪಾಠ.

ಅಜ್ಜಿ ಮಾಡುವ ಈ ಕೆಲಸವನ್ನೇ ಕೆಲವು ವಿದ್ವಾಂಸರು ಕಾದಂಬರಿಗಳ ಮೇಲೆ ಮಾಡುತ್ತಿದ್ದಾರೆ. ಕೆಲವರು ಕಾಗದ ಪೆನ್ಸಿಲ್ ಹಿಡಿದು, ಹೆಚ್ಚಿನವರು ಕಂಪ್ಯೂಟರಿನ ಮುಂದೆ ಕೂತು. ಇದಕ್ಕೆ ನೆಟ್‌ವರ್ಕ್ ವಿಶ್ಲೇಷಣೆ ಎಂದು ಹೆಸರು. ಕಾದಂಬರಿಯೇ ಛತ್ರ, ಪಾತ್ರಗಳೇ ನೆಂಟರು.

ಚುಕ್ಕಿ ಇಟ್ಟು ಎಳೆ ಎಳೆದರೆ

ರಂಗೋಲಿ ಬಲ್ಲವರಿಗೆ ಈ ವಿಧಾನ ಅಪರಿಚಿತವೇನಲ್ಲ. ಒಂದೊಂದು ಪಾತ್ರಕ್ಕೆ ಒಂದೊಂದು ಚುಕ್ಕಿ. ಎರಡು ಪಾತ್ರಗಳು ಮಾತಾಡಿಕೊಂಡರೆ, ಇಲ್ಲವೇ ಒಂದೇ ಅಧ್ಯಾಯದಲ್ಲಿ ಎದುರುಬದುರಾದರೆ, ಅವುಗಳ ನಡುವೆ ಒಂದು ಎಳೆ. ಮತ್ತೆ ಮತ್ತೆ ಸೇರಿದರೆ ಎಳೆ ದಪ್ಪವಾಗುತ್ತದೆ. ವ್ಯತ್ಯಾಸ ಒಂದೇ. ರಂಗೋಲಿಯಲ್ಲಿ ಚುಕ್ಕಿ ಎಲ್ಲಿಡಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಎಳೆಗಳೆಲ್ಲ ಬಿದ್ದ ಮೇಲಷ್ಟೇ ಯಾವ ಚುಕ್ಕಿ ನಡುವಿನದು, ಯಾವುದು ಅಂಚಿನದು ಎಂದು ತಿಳಿಯುತ್ತದೆ.

ಇದರ ತಾಯಿಬೇರು ಗಣಿತದಲ್ಲಿದೆ. ಕೊನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳನ್ನು, ಯಾವುದನ್ನೂ ಎರಡನೇ ಸಲ ದಾಟದೆ, ಸುತ್ತಿ ಬರಬಹುದೇ ಎಂಬ ಒಗಟನ್ನು 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಬಿಡಿಸಿದ. ಆಗದು ಎಂಬುದು ಅವನ ಉತ್ತರ. ಅದನ್ನು ಸಾಧಿಸಲು ಅವನು ಊರನ್ನೇ ಮರೆತು ಬರೀ ಚುಕ್ಕಿ ಮತ್ತು ಎಳೆಗಳನ್ನು ಉಳಿಸಿಕೊಂಡ. ಮನುಷ್ಯರ ಒಡನಾಟವನ್ನೂ ಹೀಗೆ ಬರೆಯಬಹುದೆಂದು 1934ರ ತನ್ನ ಪುಸ್ತಕದಲ್ಲಿ ತೋರಿಸಿದವನು ಜೇಕಬ್ ಮೊರೆನೊ ಎಂಬ ಮನೋವೈದ್ಯ.

ಕಾದಂಬರಿಗೆ ಇದನ್ನು ತಂದವರಲ್ಲಿ ಮೊದಲಿಗರೊಬ್ಬರು ಕಂಪ್ಯೂಟರ್ ವಿಜ್ಞಾನದ ಹಿರಿಯ ಡೊನಾಲ್ಡ್ ಕ್ನೂತ್. ವಿಕ್ಟರ್ ಹ್ಯೂಗೊನ 'ಲೆ ಮಿಸರಾಬ್ಲ್' ಕಾದಂಬರಿಯಲ್ಲಿ ಯಾವ ಅಧ್ಯಾಯದಲ್ಲಿ ಯಾರು ಯಾರನ್ನು ಭೇಟಿಯಾಗುತ್ತಾರೆ ಎಂದು ಅವರು ಪಟ್ಟಿ ಮಾಡಿ 1993ರಲ್ಲಿ ಪ್ರಕಟಿಸಿದರು. ಅದರಿಂದ ಹುಟ್ಟಿದ, 77 ಚುಕ್ಕಿ 254 ಎಳೆಗಳ ಜಾಲ ಇವತ್ತಿಗೂ ಈ ವಿದ್ಯೆಯ ಪಾಠಗಳಲ್ಲಿ ಬಾಲಬೋಧೆಯಂತೆ ಬಳಕೆಯಾಗುತ್ತದೆ.

ಅದರಲ್ಲಿ ನಾಯಕ ಜಾನ್ ವಾಲ್ಜಾನ್‌ನಿಗೆ 36 ಎಳೆಗಳು, ಅದೇನೂ ಅಚ್ಚರಿಯಲ್ಲ. ಎರಡನೆಯ ಸ್ಥಾನ ಅವನ ಬೆನ್ನು ಬಿಡದ ಪೊಲೀಸ್ ಅಧಿಕಾರಿಗೂ ಇಲ್ಲ, ಪ್ರೇಮಿಗಳಿಗೂ ಇಲ್ಲ. 22 ಎಳೆಗಳೊಂದಿಗೆ ಅಲ್ಲಿ ಕೂತಿರುವವನು ಗವ್ರೋಶ್, ಪ್ಯಾರಿಸ್ಸಿನ ಬೀದಿಯ ಪೋರ. ಓದುವಾಗ ನಮಗೆ ಹಾಗನಿಸಿರುವುದಿಲ್ಲ. ಎಣಿಸಿದಾಗ, ಹೌದಲ್ಲ, ಎಲ್ಲ ಗಲ್ಲಿಗೂ ನುಗ್ಗುವವನು ಅವನೊಬ್ಬನೇ ಎಂದು ಹೊಳೆಯುತ್ತದೆ. ಈ ವಿದ್ಯೆಯ ಉಪಯೋಗ ನನಗೆ ಕಾಣುವುದು ಇಂಥಲ್ಲೇ. ನೆನಪು ಒಂದು ಹೇಳಿ, ಎಣಿಕೆ ಇನ್ನೊಂದು ಹೇಳಿದಾಗ ಪುಸ್ತಕವನ್ನು ಮತ್ತೆ ತೆರೆಯಬೇಕಾಗುತ್ತದೆ. ಎರಡೂ ಒಂದೇ ಹೇಳಿದರೆ ಸುಮ್ಮನೆ ಗಣಿತದ ಖರ್ಚು.

ದೊಡ್ಡವರಲ್ಲಿ ಮೂರು ಬಗೆ

ಛತ್ರದಲ್ಲಿ ಮುಖ್ಯರು ಯಾರು? ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುವ ಹೆಣ್ಣಿನ ತಂದೆ ಒಬ್ಬ. ಎಳೆಗಳ ಎಣಿಕೆಯಲ್ಲಿ ಅವನೇ ಮುಂದು. ಮುಖ್ಯಮಂತ್ರಿಯ ಪಕ್ಕದ ಸೋಫಾದಲ್ಲಿ ಕೂತವನು ಇನ್ನೊಬ್ಬ. ಅವನಿಗೆ ಗೊತ್ತಿರುವುದು ನಾಲ್ಕೇ ಜನ, ಆದರೆ ಆ ನಾಲ್ವರೂ ಗಟ್ಟಿಗರು. ಗೂಗಲ್ ಹುಡುಕಾಟದಲ್ಲಿ ಯಾವ ಪುಟ ಮೇಲೆ ಬರಬೇಕು ಎಂದು ಶುರುವಿನಲ್ಲಿ ತೀರ್ಮಾನಿಸಿದ ತರ್ಕವೂ ಇದೇ ಜಾತಿಯದು.

ಮೂರನೆಯವರು ಜಾತಕ ಹಿಡಿದು ಎರಡು ಮನೆಗಳ ನಡುವೆ ಓಡಾಡಿದ ಶಾಸ್ತ್ರಿಗಳು. ಅವರಿಗೆ ಎರಡೂ ಕಡೆ ಗೊತ್ತಿರುವವರು ಕಡಿಮೆ. ಆದರೂ ಗಂಡಿನ ಮನೆಯ ಮಾತು ಹೆಣ್ಣಿನ ಮನೆ ಮುಟ್ಟಬೇಕಾದರೆ ಅವರನ್ನು ಹಾದೇ ಹೋಗಬೇಕು. ಅವರನ್ನು ತೆಗೆದರೆ ಛತ್ರ ಎರಡು ಹೋಳು. ಕಾದಂಬರಿ ಓದುವವರಿಗೆ ಈ ಮೂರನೆಯ ಬಗೆಯೇ ಹೆಚ್ಚು ದಕ್ಕುತ್ತದೆ ಎಂಬುದು ನನ್ನ ಅನಿಸಿಕೆ. ನಾಯಕ ಯಾರು ಎಂದು ತಿಳಿಯಲು ಯಂತ್ರ ಬೇಕಿಲ್ಲ. ಸೇತುವೆ ಯಾರು ಎಂಬುದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಅಳಿಸಿ ನೋಡುವ ಆಟ

ಸಾಹಿತ್ಯ ವಿಮರ್ಶಕ ಫ್ರಾಂಕೊ ಮೊರೆಟ್ಟಿ 2011ರಲ್ಲಿ 'ಹ್ಯಾಮ್ಲೆಟ್' ನಾಟಕದ ಜಾಲ ಬರೆದು, ಒಂದೊಂದೇ ಚುಕ್ಕಿ ಅಳಿಸುತ್ತ ಹೋದರು. ಹ್ಯಾಮ್ಲೆಟ್‌ನನ್ನು ಅಳಿಸಿದರೆ ಜಾಲ ಚಿಂದಿಯಾಗುವುದು ಸರಿಯೇ. ರಾಜ ಕ್ಲಾಡಿಯಸ್‌ನನ್ನು ಅಳಿಸಿದರೆ ಅಂಥ ಏರುಪೇರೇನೂ ಆಗಲಿಲ್ಲ. ನಾಟಕದುದ್ದಕ್ಕೂ ಪಕ್ಕದಲ್ಲಿ ನಿಲ್ಲುವ ಗೆಳೆಯ ಹೊರೇಶಿಯೊನನ್ನು ಅಳಿಸಿದಾಗ ಅರಮನೆಯ ಹೊರಗಿನ ಜಗತ್ತೇ ಕಳಚಿಬಿತ್ತು.

ಈ ಆಟವನ್ನು ಕನ್ನಡದಲ್ಲಿ ಆಡಲು ಹೊರಟರೆ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಅಡ್ಡ ಬರುತ್ತದೆ. ಅಲ್ಲಿ ಅಳಿಸುವ ಕೆಲಸ ಕಾದಂಬರಿಕಾರರೇ ಮಾಡಿಟ್ಟಿದ್ದಾರೆ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುವ ನಂಜಮ್ಮ ಮನೆ, ಊರು, ಸರ್ಕಾರ ಮೂರಕ್ಕೂ ಸೇತುವೆ. ಪ್ಲೇಗು ಮೊದಲು ಮಕ್ಕಳನ್ನು ಒಯ್ಯುತ್ತದೆ, ಆಮೇಲೆ ಅವಳನ್ನು. ಉಳಿದ ಚುಕ್ಕಿಗಳು ಎತ್ತೆತ್ತಲೋ ಚೆದುರುತ್ತವೆ. ಉಳಿದ ಮಗ ವಿಶ್ವನಿಗೆ ಗತಿಯಾಗುವವರು ರಕ್ತಸಂಬಂಧಿಗಳಲ್ಲ, ಮಾದೇವಯ್ಯ. ಆ ಮನೆ ನಿಂತಿದ್ದುದು ಯಾರ ಮೇಲೆ ಎಂದು ತಿಳಿಯಲು ಯಾರಿಗೂ ಗ್ರಾಫ್ ಹಾಳೆ ಬೇಕಾಗಿಲ್ಲ.

ಗುತ್ತಿ ಎಂಬ ಸೇತುವೆ

ಹಾಳೆ ನಿಜವಾಗಿ ಬೇಕಾಗುವುದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹಿಡಿದಾಗ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ. ಮನೆಗೊಬ್ಬ ಗೌಡ ಅಥವಾ ಹೆಗ್ಗಡೆ, ಅವರ ಹೆಂಡಿರು ಮಕ್ಕಳು, ಆಳುಗಳು, ಘಟ್ಟದ ಕೆಳಗಿನಿಂದ ಬಂದವರು, ಸೇರೆಗಾರ, ಪಾದ್ರಿ. ಮೊದಲ ನೂರು ಪುಟಗಳಲ್ಲಿ ಯಾರು ಯಾರ ಮಗ ಎಂದು ತಿಳಿಯದೆ ಪುಸ್ತಕ ಮುಚ್ಚಿಟ್ಟ ಓದುಗರು ನಮ್ಮಲ್ಲಿ ಕಡಿಮೆಯಿಲ್ಲ. ಈ ಕಾದಂಬರಿಯನ್ನು ರಂಗಕ್ಕೆ ತಂದಾಗಲೂ ಒಂದು ವೇದಿಕೆ ಸಾಲದೆ, ಪ್ರೇಕ್ಷಕರು ರಾತ್ರಿಯಿಡೀ ಜಾಗ ಬದಲಿಸುತ್ತ ನೋಡಬೇಕಾಯಿತು.

ಚುಕ್ಕಿ ಎಳೆ ಬರೆಯಲು ಕೂತವನಿಗೆ ಮೊದಲು ಎದುರಾಗುವವರು ಸ್ವತಃ ಕುವೆಂಪು. ಇಲ್ಲಿ ದೊಡ್ಡವರು ಚಿಕ್ಕವರು ಎಂಬ ತಾರತಮ್ಯ ಸಲ್ಲದು ಎಂಬ ಅರ್ಥದ ಮಾತನ್ನು ಅವರು ಕಾದಂಬರಿಯ ಬಾಗಿಲಲ್ಲೇ ತೂಗುಹಾಕಿದ್ದಾರೆ. ಯಾರು ಮುಖ್ಯ ಎಂದು ಅಳೆಯಲು ಹುಟ್ಟಿದ ವಿದ್ಯೆಗೆ ಇದಕ್ಕಿಂತ ನೇರವಾದ ಸವಾಲು ಬೇಕೆ?

ಆದರೂ ಬರೆದು ನೋಡಿ. ಒಡೆಯರ ಮನೆಗಳು ಮದುವೆ ಸಂಬಂಧಗಳಿಂದ, ಸಾಲದಿಂದ, ಹಗೆಯಿಂದ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಆಳುಗಳು ಅವರವರ ಒಡೆಯನ ಸುತ್ತ ಗೊಂಚಲು ಗೊಂಚಲಾಗಿ ನಿಲ್ಲುತ್ತಾರೆ. ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಹಾಯುವ ಎಳೆಗಳು ವಿರಳ. ಸಿಂಬಾವಿಯ ಜೀತದಾಳು ಗುತ್ತಿ ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಟು ಆ ಅಂತರವನ್ನು ದಾಟುತ್ತಾನೆ. ಅವನು ನಡೆದಲ್ಲೆಲ್ಲ ಒಂದು ಮನೆ, ಒಂದು ಕತೆ ತೆರೆದುಕೊಳ್ಳುತ್ತದೆ. ನನ್ನ ಹಾಳೆಯಲ್ಲಿ ಛತ್ರದ ಶಾಸ್ತ್ರಿಗಳ ಜಾಗದಲ್ಲಿ ಬಂದು ಕೂತವನು ಗುತ್ತಿ. ಯಾವ ಹೆಗ್ಗಡೆಯೂ ಅಲ್ಲ.

ಆದರೆ ಆ ಎಳೆಗಳು ಎಂಥವು? ಹೆಗ್ಗಡೆಯವರು ಗುತ್ತಿಯನ್ನು ಕರೆಯುತ್ತಾರೆ, ಗುತ್ತಿ ಓಗೊಡುತ್ತಾನೆ. ಹೋಗಿ ಬರುವ ಮಾತು ಸಮನಲ್ಲದ ಕಡೆ ಎಳೆಗೊಂದು ಬಾಣದ ಗುರುತು ಹಾಕುವ ಪದ್ಧತಿಯೂ ಈ ವಿದ್ಯೆಯಲ್ಲಿ ಇದೆ. ಇಂಗ್ಲಿಷ್ ಕಾದಂಬರಿಯಲ್ಲಿ ಬಾಣದ ದಿಕ್ಕನ್ನು ಊಹಿಸಬೇಕು. ಕನ್ನಡದಲ್ಲಿ ಅದು ವ್ಯಾಕರಣದಲ್ಲೇ ಇದೆ: ಯಾರು ಯಾರನ್ನು ಏಕವಚನದಲ್ಲಿ ಮಾತಾಡಿಸುತ್ತಾರೆ, ಯಾರು 'ಅಯ್ಯಾ' ಎಂದೇ ಬಾಯಿ ತೆರೆಯಬೇಕು? ಕಾದಂಬರಿಯ ಪ್ರತಿ ಸಂಭಾಷಣೆಯಲ್ಲೂ 'ನೀನು', 'ನೀವು'ಗಳನ್ನು ಹೆಕ್ಕಿ ಬಾಣ ಹಾಕುತ್ತ ಹೋದರೆ ಜಾತಿ, ಜಮೀನು, ಗಂಡು ಹೆಣ್ಣು ಎಲ್ಲವೂ ಹಾಳೆಯ ಮೇಲೆ ಎದ್ದು ಕಾಣುತ್ತವೆ. ಇದು ನಮ್ಮ ಭಾಷೆಗಷ್ಟೇ ಅಲ್ಲ, ಇಂಥ ಬಹುವಚನವಿರುವ ಭಾರತದ ಇನ್ನೂ ಹಲವು ಭಾಷೆಗಳಿಗೆ ಸಿಕ್ಕಿರುವ ಸೌಲಭ್ಯ.

ಇನ್ನು ಹುಲಿಯ. ಗುತ್ತಿಯ ನಾಯಿ. 'ನಾಯಿಗುತ್ತಿ' ಎಂಬ ಅಡ್ಡಹೆಸರು ಅವನಿಗೆ ಬಂದದ್ದೇ ಅದರಿಂದ. ನಾಯಿಗೊಂದು ಚುಕ್ಕಿ ಇಡಬೇಕೋ ಬೇಡವೋ? ಮಾತಾಡುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಹುಲಿಯ ಹೊರಗುಳಿಯುತ್ತದೆ. ಜೊತೆಗಿರುವವರನ್ನು ಹಿಡಿದರೆ ಗುತ್ತಿ ಹುಲಿಯರ ನಡುವಿನ ಎಳೆಯಷ್ಟು ದಪ್ಪದ್ದು ಇನ್ನೊಂದು ಸಿಗುವುದು ಕಷ್ಟ. ಕೊನೆಯಲ್ಲಿ ತುಂಬಿದ ತುಂಗೆ ಕತ್ತರಿಸುವುದು ಆ ಎಳೆಯನ್ನೇ. ಅದನ್ನು ಬಿಟ್ಟು ಬರೆದ ಜಾಲಕ್ಕೆ ಈ ಕಾದಂಬರಿಯ ಹೆಸರಿಡಲು ನನಗೆ ಮನಸ್ಸು ಬಾರದು.

ಗವಿಪುರದಲ್ಲಿ ಮುಚ್ಚಿಟ್ಟ ಎಳೆ

ಸಂಜೆಯ ಹೊತ್ತು ಗವಿಪುರದಿಂದ ಗಾಂಧಿ ಬಜಾರಿನ ಕಡೆಗೆ ನಡೆದು ಬರುತ್ತಿದ್ದ ಮಾಸ್ತಿಯವರನ್ನು ಕಂಡವರು ಇನ್ನೂ ಬಸವನಗುಡಿಯಲ್ಲಿದ್ದಾರೆ. ಕೊಡಗಿನ ಕೊನೆಯ ಅರಸನನ್ನು ಕುರಿತ ಅವರ 'ಚಿಕವೀರ ರಾಜೇಂದ್ರ' ಈ ಎಣಿಕೆಗೆ ಬೇರೆ ಥರದ ಪೆಟ್ಟು ಕೊಡುತ್ತದೆ.

ಅರಸ ಮತ್ತು ಅವನ ಮಂತ್ರಿ ಕುಂಟ ಬಸವನ ನಡುವಿನ ಎಳೆ ಮೊದಲಿನಿಂದಲೂ ದಪ್ಪವೇ. ಒಡೆಯ, ಆಳು, ಜೊತೆಗಾರ, ಎಲ್ಲ ಕುಕೃತ್ಯಗಳಲ್ಲೂ ಪಾಲುದಾರ. ಆದರೆ ಬಸವ ಅರಸನ ತಂದೆ ಲಿಂಗರಾಜನಿಗೆ ಭಗವತಿಯಲ್ಲಿ ಹುಟ್ಟಿದ ಮಗ, ಎಂದರೆ ಅರಸನಿಗೆ ಅಣ್ಣ. ಅವರಿಬ್ಬರಿಗೂ ಅದು ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಯಾರು ಯಾರ ಜೊತೆ ಎಷ್ಟು ಸಲ ಕಾಣಿಸಿಕೊಂಡರು ಎಂದು ಎಣಿಸುವ ಯಂತ್ರ ಈ ನಂಟನ್ನು ಹಿಡಿಯಲಾರದು. ನೆಂಟಸ್ತನದ ಎಳೆಯನ್ನೇ ಬೇರೆ ಬಣ್ಣದಲ್ಲಿ ಎಳೆಯೋಣವೆಂದರೆ ಯಾವ ಪುಟದಲ್ಲಿ ಎಳೆಯುವುದು? ಸತ್ಯ ಹೊರಬಿದ್ದ ಪುಟದಲ್ಲೋ, ಮೊದಲ ಪುಟದಿಂದಲೋ? ಮೊದಲಿನಿಂದಲೇ ಎಳೆದರೆ ಮಾಸ್ತಿ ಅಷ್ಟು ಜತನದಿಂದ ಕಾಪಾಡಿದ ಗುಟ್ಟನ್ನು ರಟ್ಟು ಮಾಡಿದಂತೆ. ಕೊನೆಯಲ್ಲಿ ಎಳೆದರೆ, ಅಲ್ಲಿಯವರೆಗಿನ ಚಿತ್ರವೆಲ್ಲ ಸುಳ್ಳು. ಹಾಗಾಗಿ ಈಗೀಗ ಒಂದೇ ಚಿತ್ರದ ಬದಲು ಅಧ್ಯಾಯಕ್ಕೊಂದು ಚಿತ್ರ ಬರೆದು, ಜಾಲ ಹೇಗೆ ಬೆಳೆಯಿತು ಎಂದು ಸಿನಿಮಾದಂತೆ ನೋಡುವ ರೂಢಿ ಬಂದಿದೆ. ಅದರಲ್ಲೂ ಬಸವನ ಎಳೆ ಎಲ್ಲಿ ಎಂಬ ತಕರಾರು ಉಳಿದೇ ಇರುತ್ತದೆ.

ಆರು ಜನರ ಮನೆ

ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದಕ್ಕೆ ತದ್ವಿರುದ್ಧ. ಬೆಂಗಳೂರಿನ ಒಂದು ಮನೆ. ನಿರೂಪಕ, ಅಪ್ಪ, ಅಮ್ಮ, ಅಕ್ಕ ಮಾಲತಿ, ದುಡಿದು ತಂದುಹಾಕುವ ಚಿಕ್ಕಪ್ಪ, ಮದುವೆಯಾಗಿ ಬಂದ ಅನಿತಾ. ಆರು ಚುಕ್ಕಿಗಳ ನಡುವೆ ಹೆಚ್ಚೆಂದರೆ 15 ಎಳೆ ಸಾಧ್ಯ. ಇಲ್ಲಿ ಹೆಚ್ಚುಕಡಿಮೆ ಅಷ್ಟೂ ಇವೆ, ಎಲ್ಲವೂ ಬಿಗಿದುಕೊಂಡಿವೆ. ಹೊರಗಿನಿಂದ ಒಂದು ಎಳೆ ಒಳಬರಲು ಯತ್ನಿಸಿದರೆ, ಚಿಕ್ಕಪ್ಪನನ್ನು ಕೇಳಿಕೊಂಡು ಬಂದ ಹೆಂಗಸಿಗಾದಂತೆ, ಬಾಗಿಲಲ್ಲೇ ಅವಮಾನ. ಅದನ್ನು ತಪ್ಪೆನ್ನುವ ಅನಿತಾ ಕೂಡ ಹೊರಗಿನವಳೇ. ಶೀರ್ಷಿಕೆಯ ಪದಕ್ಕೆ ಅನಿತಾಳ ತವರಿನಲ್ಲಿ ಸಿಕ್ಕುಸಿಕ್ಕಾದದ್ದು ಎಂದರ್ಥ. ನೆಟ್‌ವರ್ಕ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ಪದ ನನಗೆ ಸದ್ಯಕ್ಕಂತೂ ತೋಚುತ್ತಿಲ್ಲ.

ಆದರೆ ಈ ಕತೆಯನ್ನು ಹೇಳುತ್ತಿರುವವನು ಒಬ್ಬನೇ ಒಬ್ಬ. ಅವನಿಲ್ಲದ ಕೋಣೆಯಲ್ಲಿ ನಡೆದದ್ದು ನಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಎಲ್ಲ ಎಳೆಗಳೂ ಅವನನ್ನು ಹಾದೇ ಹೋಗುತ್ತವೆ. ಅದು ಮನೆಯ ಗುಣವಲ್ಲ, ಕತೆ ಹೇಳುವ ಬಗೆಯ ಗುಣ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ 19ನೇ ಶತಮಾನದ 60 ಬ್ರಿಟಿಷ್ ಕಾದಂಬರಿಗಳ ಸಂಭಾಷಣೆಗಳನ್ನು ಕಂಪ್ಯೂಟರಿನಿಂದ ಹೆಕ್ಕಿ ಜಾಲ ಕಟ್ಟಿದರು. ನಗರದ ಕಾದಂಬರಿಗಳಲ್ಲಿ ಜನ ಹೆಚ್ಚು, ಒಡನಾಟ ಕಡಿಮೆ; ಹಳ್ಳಿಯವುಗಳಲ್ಲಿ ಉಲ್ಟಾ ಎಂಬ ವಿಮರ್ಶಕರ ಹಳೆಯ ನಂಬಿಕೆಯನ್ನು ಪರೀಕ್ಷಿಸುವುದು ಅವರ ಉದ್ದೇಶ. ಎಣಿಕೆ ಆ ನಂಬಿಕೆಗೆ ಒಲಿಯಲಿಲ್ಲ. ಜಾಲದ ಆಕಾರವನ್ನು ನಿರ್ಧರಿಸುತ್ತಿದ್ದುದು ಊರಲ್ಲ, 'ನಾನು' ಎಂದು ಹೇಳುವ ನಿರೂಪಕ ಇದ್ದಾನೋ ಇಲ್ಲವೋ ಎಂಬುದು.

'ಗುತ್ತಿಗೆ' ಎಂದರೆ ಯಾರಿಗೆ?

ಹಾಗಾದರೆ ಕನ್ನಡದ ಕಾದಂಬರಿಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ನೋಡಬಾರದೇಕೆ? ನೋಡಬಹುದು, ಹಲ್ಲಿಗೆ ಕಲ್ಲು ಸಿಗುವುದನ್ನು ತಡೆದುಕೊಂಡರೆ.

ಇಂಗ್ಲಿಷಿನಲ್ಲಿ ಹೆಸರು ಎಲ್ಲಿ ಬಂದರೂ ಒಂದೇ ರೂಪ, ಮೊದಲಕ್ಷರ ದೊಡ್ಡದು. ಕನ್ನಡದಲ್ಲಿ ಗುತ್ತಿಯ, ಗುತ್ತಿಯನ್ನು, ಗುತ್ತಿಯೊಡನೆ, ಗುತ್ತಿಯಿಂದ ಎಂದು ಹೆಸರು ವೇಷ ಬದಲಿಸುತ್ತ ಹೋಗುತ್ತದೆ. ಪ್ರತ್ಯಯ ಬಿಡಿಸಿ ಮೂಲ ಹಿಡಿಯಬೇಕು. 'ಗುತ್ತಿಗೆ' ಎಂದು ಬಂದರೆ ಗುತ್ತಿ ಎಂಬುವನಿಗೋ, ಕಂಟ್ರಾಕ್ಟೋ? 'ಹುಲಿಯ' ಎಂದು ಬಂದರೆ ನಾಯಿಯ ಹೆಸರೋ, ಕಾಡಿನ ಹುಲಿಗೆ ಪ್ರತ್ಯಯ ಹತ್ತಿದ್ದೋ? ದೊಡ್ಡಕ್ಷರದ ಸುಳಿವೂ ನಮ್ಮ ಲಿಪಿಯಲ್ಲಿ ಇಲ್ಲ. ಹತ್ತು ವರ್ಷದ ಹುಡುಗ ಒಂದು ಕ್ಷಣವೂ ತಡವರಿಸದ ಜಾಗದಲ್ಲಿ ಯಂತ್ರ ಮುಗ್ಗರಿಸುತ್ತದೆ.

'ಗೇಮ್ ಆಫ್ ಥ್ರೋನ್ಸ್' ಸರಣಿಯ ಒಂದು ಕಾದಂಬರಿಯ ಜಾಲವನ್ನು 2016ರಲ್ಲಿ ಕಟ್ಟಿದವರು ಎರಡು ಹೆಸರುಗಳು 15 ಪದಗಳೊಳಗೆ ಬಂದರೆ ಒಂದು ಎಳೆ ಎಂಬ ನಿಯಮ ಇಟ್ಟುಕೊಂಡಿದ್ದರು. ಕನ್ನಡದ 15 ಪದಗಳಲ್ಲಿ ಒಂದು ಪುಟ್ಟ ಜಗಳ ಶುರುವಾಗಿ ಮುಗಿದೇ ಹೋಗಬಹುದು. 'ಬರಬೇಕಾಗಿತ್ತಂತೆ' ಎಂಬ ಒಂದೇ ಪದದಲ್ಲಿ ಎಷ್ಟೆಲ್ಲ ಇದೆ! ಅಳತೆಗೋಲನ್ನೇ ಹೊಸದಾಗಿ ಮಾಡಿಕೊಳ್ಳಬೇಕು.

ಬಸವನಗುಡಿಗೆ ಅಷ್ಟೇನೂ ದೂರವಲ್ಲದ ಪಿಇಎಸ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಮಹಾಭಾರತದ ಪಾತ್ರಗಳ ಜಾಲವನ್ನೂ ಭಾವಗಳ ಏರಿಳಿತವನ್ನೂ ಅಳೆದು ಪ್ರಕಟಿಸಿದರು. ಅವರು ಬಳಸಿದ್ದು ಇಂಗ್ಲಿಷ್ ಅನುವಾದ. ಅಲ್ಲೂ ಅರ್ಜುನ, ಪಾರ್ಥ, ಧನಂಜಯ, ಫಲ್ಗುಣ, ಸವ್ಯಸಾಚಿ ಎಲ್ಲ ಒಬ್ಬನೇ ಎಂದು ಯಂತ್ರಕ್ಕೆ ಮೊದಲೇ ಹೇಳಿಕೊಡದೆ ಗತ್ಯಂತರವಿಲ್ಲ. ಕುಮಾರವ್ಯಾಸನ ನಡುಗನ್ನಡಕ್ಕೆ ಇಳಿದರೆ ಪದಗಳನ್ನು ಬಿಡಿಸುವುದೇ ಒಂದು ತಪಸ್ಸು. ಆ ತಪಸ್ಸಿಗೆ ಬೇಕಾದ ಸಾಮಗ್ರಿಯ ಒಂದು ದೊಡ್ಡ ಪಾಲು ಚಾಮರಾಜಪೇಟೆಯಲ್ಲೇ ಇದೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಕಾವ್ಯ ಶಾಸನಗಳಿಂದ ಪದಪ್ರಯೋಗಗಳನ್ನು ಒಂದೊಂದಾಗಿ ಕೈಯಿಂದ ಹೆಕ್ಕಿ ಕಟ್ಟಿದ್ದು.

ಎಲ್ಲಕ್ಕಿಂತ ಗಟ್ಟಿಯಾದ ಕಲ್ಲು ಹೆಸರೇ ಇಲ್ಲದ ಕಡೆ ಇದೆ. 'ಬಂದಳು' ಎಂದರೆ ಸಾಕು, ಯಾರೆಂದು ಹೇಳಬೇಕಿಲ್ಲ. ಕ್ರಿಯಾಪದವೇ ಕರ್ತೃವನ್ನು ಹೊತ್ತಿರುತ್ತದೆ. ಸಂಬಂಧ ಹತ್ತಿರವಾದಷ್ಟೂ ಹೆಸರು ಮಾಯವಾಗುತ್ತದೆ. ಅತ್ತೆ, ಭಾವ, ಚಿಕ್ಕಪ್ಪ ಎಂಬುವೇ ಕರೆಯುವ ಹೆಸರುಗಳು. ಒಬ್ಬರ ಅತ್ತೆ ಇನ್ನೊಬ್ಬರಿಗೆ ಅಮ್ಮ. ಹಳೆಯ ಕಾದಂಬರಿಗಳ ಹೆಂಡತಿಯಂತೂ ಗಂಡನ ಹೆಸರೆತ್ತುವವಳೇ ಅಲ್ಲ. 'ಇವರು', 'ನಮ್ಮನೆಯವರು', 'ಏನೂಂದ್ರೆ', ಮಕ್ಕಳಾದ ಮೇಲೆ 'ಮಗೂ ಅವರಪ್ಪ'. ದಿನಕ್ಕೆ ನೂರು ಸಲ ಅವನ ಮಾತೇ ಆಡುತ್ತಿದ್ದರೂ ಹೆಸರು ಹುಡುಕುವ ಯಂತ್ರದ ಲೆಕ್ಕದಲ್ಲಿ ಆ ಇಬ್ಬರ ನಡುವೆ ಎಳೆಯೇ ಇಲ್ಲ.

ಕಂಬದ ಪಕ್ಕದ ಅಜ್ಜಿಯನ್ನೇ ಕೇಳಿ. ಛತ್ರದ ಮುನ್ನೂರು ಜನರ ಹೆಸರನ್ನೂ ಗೋತ್ರದ ಸಮೇತ ಹೇಳುತ್ತಾರೆ, ಒಂದನ್ನು ಬಿಟ್ಟು. ಅದನ್ನು ಅವರ ಬಾಯಿಂದ ಹೊರಡಿಸಿದ್ದು ಅವರ ಮದುವೆಯ ಉರುಟಣೆಯಲ್ಲಿ. ನಾದಿನಿಯರು ಸುತ್ತ ಕೂತು, ಹೇಳದೆ ಬಿಡುವುದಿಲ್ಲ ಎಂದು ಪೀಡಿಸಿದಾಗ, ತಲೆ ತಗ್ಗಿಸಿ, ಒಂದು ಒಡಪಿನ ನಡುವೆ ಅಡಗಿಸಿ ಒಂದೇ ಸಲ ಹೇಳಿದ್ದರು.